ಕೊಕ್ಕರೆ ಬೆಳ್ಳೂರಿನ ಹಕ್ಕಿ ಸೈಬೀರಿಯಾದ್ದಲ್ಲ

'ಕೊಕ್ಕರೆ ಬೆಳ್ಳೂರಿಗೆ ಮತ್ತೆ ಸೈಬೀರಿಯನ್ ಕ್ರೇನ್‌ಗಳು' ಎಂಬ ಒಕ್ಕಣೆಯ ಚಿತ್ರ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದು ತಪ್ಪು. ಚಿತ್ರದಲ್ಲಿರುವುದು ನಮ್ಮದೇ ಬಣ್ಣದ ಕೊಕ್ಕರೆ: ತುದಿಯಲ್ಲಿ ತುಸು ಬಾಗಿದ ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿ, ಎದೆಗೆ ಅಡ್ಡವಾಗಿ ಕಪ್ಪು ಪಟ್ಟಿ. ಸೈಬೀರಿಯನ್ ಕ್ರೇನ್ ಅಚ್ಚ ಬಿಳಿ, ಮುಖ ಕೆಂಪು. ರೆಕ್ಕೆಯಂಚಿನ ಕಪ್ಪು ಹಾರುವಾಗಲೇ ಎದ್ದು ಕಾಣುವುದು. ಇಷ್ಟೂ ನೆನಪಿರದಿದ್ದರೆ ಹಕ್ಕಿ ಕೂತ ಜಾಗ ನೋಡಿದರೆ ಸಾಕು. ಕ್ರೇನಿನ ಹಿಂಬೆರಳು ಗಿಡ್ಡ, ಮೇಲಕ್ಕಿರುತ್ತದೆ, ಕೊಂಬೆ ಹಿಡಿಯಲಾಗದು. ಹುಣಸೆಮರದಲ್ಲಿ ಗೂಡು ಕಟ್ಟಿದ್ದು ಅದಾಗಿರಲು ಸಾಧ್ಯವೇ ಇಲ್ಲ.

ಭಾರತದಲ್ಲಿ ಸೈಬೀರಿಯನ್ ಕ್ರೇನ್‌ಗಳ ಹೆಸರಾಂತ ಚಳಿಗಾಲದ ನೆಲೆ ರಾಜಸ್ಥಾನದ ಭರತ್‌ಪುರವಾಗಿತ್ತು. 1964-65ರಲ್ಲಿ ಅಲ್ಲಿ ಸುಮಾರು 200 ಇದ್ದವು. ಇಳಿಯುತ್ತ ಇಳಿಯುತ್ತ 2001-02ರ ಚಳಿಗಾಲಕ್ಕೆ ಉಳಿದದ್ದು ಒಂದು ಜೋಡಿ. ಆಮೇಲೆ ಅದೂ ಬರಲಿಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನಗಳ ದಾರಿಯುದ್ದಕ್ಕೂ ನಡೆದ ಬೇಟೆ ದೊಡ್ಡ ಕಾರಣ. ಎರಡು ಮೊಟ್ಟೆಯಿಟ್ಟರೂ ಸಾಮಾನ್ಯವಾಗಿ ಒಂದೇ ಮರಿ ಬದುಕುವ ಹಕ್ಕಿಗೆ ಆ ನಷ್ಟ ತುಂಬಿಕೊಳ್ಳಲಾಗಲಿಲ್ಲ.

ಹಾಗೆಂದು 'ಸಂತತಿಯೇ ನಾಶವಾಯಿತು' ಎನ್ನುವುದೂ ಸರಿಯಲ್ಲ. ಚೀನಾದ ಪೊಯಾಂಗ್ ಸರೋವರಕ್ಕೆ ಇವು ಈಗಲೂ ಸಾವಿರಗಟ್ಟಲೆ ಬರುತ್ತವೆ. ದೂರದೇಶದ ಅತಿಥಿಗಳೇ ಬೇಕಿದ್ದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ: ಅಲ್ಲಿನ ಪಟ್ಟೆತಲೆ ಹೆಬ್ಬಾತುಗಳು ನಿಜಕ್ಕೂ ಹಿಮಾಲಯ ದಾಟಿ ಬಂದವು.