50 ಲಕ್ಷ ಖಾತೆಗೆ ಬರುವುದಿಲ್ಲ: ಒಂದು ಸ್ಪಷ್ಟನೆ

ಅಪರೂಪದ ಕಾಯಿಲೆ ಇದ್ದವರು ಮಡಿಕೇರಿಯಲ್ಲಿ ಅರ್ಜಿ ಕೊಟ್ಟರೆ ಸರ್ಕಾರ ಖಾತೆಗೆ 50 ಲಕ್ಷ ಹಾಕುತ್ತದೆ ಎಂಬ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಸಿಗುವುದು 50 ಲಕ್ಷದವರೆಗಿನ ಚಿಕಿತ್ಸಾ ನೆರವು. ಅದೂ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮಾತ್ರ. ಹಣ ಹೋಗುವುದು ಗುರುತಿಸಿದ ಚಿಕಿತ್ಸಾ ಕೇಂದ್ರಕ್ಕೆ, ನಮ್ಮ ಕೈಗಲ್ಲ. ಬೆಂಗಳೂರಿನಲ್ಲಿ ಅಂಥ ಕೇಂದ್ರವಿದೆ. ವಿಚಾರಿಸಬೇಕಾದ್ದು ಅಲ್ಲಿ.

ನನ್ನ ತಂಗಿಯ ಮಗನಿಗೆ ಗೌಷರ್ ಕಾಯಿಲೆ, ಅಂದರೆ ಒಂದು ಬಗೆಯ ಕೊಬ್ಬು ಕರಗಿಸುವ ಎನ್‌ಜೈಮ್ ದೇಹದಲ್ಲಿ ಸಾಕಷ್ಟು ಇಲ್ಲದ ಅಪರೂಪದ ಕಾಯಿಲೆ. ಗುಲ್ಮ ದೊಡ್ಡದಾಗಿ ಹೊಟ್ಟೆ ಊದಿದ್ದಕ್ಕೆ ಮೊದಲು ಜಂತುಹುಳದ ಔಷಧಿ ಕೊಟ್ಟಿದ್ದರು! ಈಗ ಎರಡು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಎನ್‌ಜೈಮ್. ಕೊಡಗಿಗೆ ರೈಲಿಲ್ಲ ಅಲ್ವಾ, ಬೆಂಗಳೂರಿಗೆ ರಾತ್ರಿ ಬಸ್ಸೇ ಗತಿ. ಆ ಸಂದೇಶ ನಂಬಿ ಅವಳು ತೋಟದ ಕೂಲಿ ಬಿಟ್ಟು ಎರಡು ದಿನ ಕಚೇರಿ ಅಲೆದಳು. ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ.