ಇಲ್ಲದ ಸೆಂಟರಿನ ಭರ್ಜರಿ ಇತಿಹಾಸ

ಕಟ್ಟಡ ಇದ್ದರೆ ಅದರ ಇತಿಹಾಸ ಯಾರು ಬೇಕಾದರೂ ಬರೆದಾರು. ಕಟ್ಟಡವೇ ಇಲ್ಲದೆ ಇತಿಹಾಸ ಬೆಳೆಸುವುದಕ್ಕೆ ನಮ್ಮ ಗೋವಾನೇ ಬೇಕು. ಪಣಜಿ ಪಕ್ಕದ ದೋನಾ ಪಾವ್ಲಾದಲ್ಲಿ ಚಿತ್ರೋತ್ಸವಕ್ಕೆಂದು ಆಗಬೇಕಿದ್ದ ಕನ್ವೆನ್ಷನ್ ಸೆಂಟರ್ ಅಂಥ ಒಂದು ಸಾಧನೆ.

2004ರಲ್ಲಿ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಪಣಜಿಗೆ ಬಂತು, ಆಮೇಲೆ ಇಲ್ಲೇ ಕಾಯಂ ಆಯಿತು. ಮದುವೆ ಮುಗಿದು ಇಪ್ಪತ್ತು ವರ್ಷ ಆದಮೇಲೂ ಛತ್ರ ಹುಡುಕುತ್ತಿದ್ದಾರೆ ಅಂದುಕೊಳ್ಳಿ. ಜಾಗಕ್ಕೇನೂ ಕೊರತೆಯಿಲ್ಲ. ದೋನಾ ಪಾವ್ಲಾದಲ್ಲಿ ಮೊದಲು ಐಟಿ ಹ್ಯಾಬಿಟಾಟ್, ಅಂದರೆ ಐಟಿ ಕಂಪನಿಗಳ ಸಮುಚ್ಚಯ ಬರಬೇಕಿತ್ತು. ಊರವರು ವಿರೋಧಿಸಿದರು, ಅದು ನಿಂತುಹೋಯಿತು. ನಿಂತುಹೋಗುವುದರಲ್ಲಿ ಆ ಜಾಗಕ್ಕೆ ಅನುಭವ ಇದೆ ಅಂತಲೇ ಸೆಂಟರನ್ನೂ ಅಲ್ಲಿಗೇ ಕೊಟ್ಟಿರಬೇಕು.

ಹಾಗಂತ ಉತ್ಸವ ನಿಂತಿಲ್ಲ. ಹಳೆಯ ಮೆಡಿಕಲ್ ಕಾಲೇಜಿನ ಕಟ್ಟಡಕ್ಕೆ ಸುಣ್ಣಬಣ್ಣ ಆಯಿತು, ಸಿನಿಮಾದವರು ಒಳಗೆ ಬಂದರು. ಪೋರ್ಚುಗೀಸ್ ನಂಟಿನ ನಾಡುಗಳು ಸೇರಿ ಆಡುವ 2014ರ ಲುಸೊಫೋನಿಯಾ ಕ್ರೀಡಾಕೂಟಕ್ಕೆ ಕಟ್ಟಿದ ಶ್ಯಾಮಪ್ರಸಾದ್ ಮುಖರ್ಜಿ ಒಳಾಂಗಣ ಕ್ರೀಡಾಂಗಣದಲ್ಲಿ ಉದ್ಘಾಟನೆ, ಸಮಾರೋಪ ಶುರುವಾದವು. 2021ರಲ್ಲಿ ಕೊರೊನಾ ಜಾಸ್ತಿಯಾದಾಗ ಅದೇ ಕ್ರೀಡಾಂಗಣದಲ್ಲಿ ಹಾಸಿಗೆ ಹಾಕಿ ರೋಗಿಗಳನ್ನು ಮಲಗಿಸಿದರು. ಅಂದರೆ ವೈದ್ಯರು ಇದ್ದಲ್ಲಿ ಸಿನಿಮಾ ಬಂತು, ಸಿನಿಮಾ ಇದ್ದಲ್ಲಿ ವೈದ್ಯರು ಬಂದರು. ಷಟಲ್ ಆಡುವ ಹುಡುಗರು ಎಲ್ಲಿಗೆ ಹೋದರೋ ಯಾರೂ ಕೇಳಲಿಲ್ಲ. 2016ರಲ್ಲಿ ಬ್ರಿಕ್ಸ್ ದೇಶಗಳ ನಾಯಕರು ಬಂದರು. ಅವರನ್ನು ಬೆಣಾವ್ಲಿಯ ಹೋಟೆಲಿನಲ್ಲಿ ಕೂರಿಸಿ ಶೃಂಗಸಭೆ ಮುಗಿಸಿದ್ದಾಯಿತು.

ಹಾಗಾದರೆ ಗೋವಾದಲ್ಲಿ ಒಳ್ಳೆ ಸಭಾಂಗಣವೇ ಇರಲಿಲ್ಲವಾ? ಇತ್ತು. ಮಾಂಡೋವಿ ದಂಡೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಲಾ ಅಕಾಡೆಮಿ. ಇದ್ದದ್ದನ್ನು ಸುಮ್ನೆ ಬಿಡಬಾರದಲ್ವಾ? ನವೀಕರಣ ಅಂತ ಮುಚ್ಚಿದರು. ಕೆಲಸವನ್ನು ಟೆಂಡರ್ ಇಲ್ಲದೆ ಕೊಟ್ಟಿದ್ದೇಕೆ ಅಂತ 2022ರಲ್ಲಿ ವಿಧಾನಸಭೆಯಲ್ಲಿ ಪ್ರಶ್ನೆ ಬಂತು. ಕಲೆ ಮತ್ತು ಸಂಸ್ಕೃತಿ ಸಚಿವ ಗೋವಿಂದ ಗಾವಡೆ ಎದ್ದು, ಷಹಜಹಾನ್ ತಾಜ್ ಮಹಲ್ ಕಟ್ಟಿಸುವಾಗ ಕೊಟೇಶನ್ ಕರೆದಿರಲಿಲ್ಲ, ಅದಕ್ಕೇ ಅದು ಇವತ್ತಿಗೂ ಚೆನ್ನಾಗಿದೆ ಎಂಬ ಅರ್ಥದ ಉತ್ತರ ಕೊಟ್ಟರು.

ಉತ್ತರದಲ್ಲಿ ತಪ್ಪೇನೂ ಇಲ್ಲ. ಷಹಜಹಾನನಿಗೆ ವಿರೋಧ ಪಕ್ಷ ಇರಲಿಲ್ಲ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇರಲಿಲ್ಲ, ಮಾಹಿತಿ ಹಕ್ಕಿನ ಅರ್ಜಿಯೂ ಇರಲಿಲ್ಲ. ಕೊನೆಗೆ ಮಗನೇ ಕೋಟೆಯಲ್ಲಿ ಕೂಡಿಹಾಕಿದ, ಆ ಮಾತು ಬೇರೆ. ಒಂದು ವರ್ಷ ಕಳೆಯಿತು. 2023ರ ಜುಲೈ ಮಳೆಗಾಲದಲ್ಲಿ, ನವೀಕರಣ ಇನ್ನೂ ನಡೆಯುತ್ತಿರುವಾಗಲೇ, ಅಕಾಡೆಮಿಯ ಬಯಲು ರಂಗಮಂದಿರದ ಚಾವಣಿಯ ಒಂದು ಭಾಗ ಕುಸಿದು ಬಿತ್ತು. ಆಗ್ರಾದಲ್ಲಿ ಆ ವರ್ಷವೂ ಏನೂ ಬೀಳಲಿಲ್ಲ.

ಅತ್ತ ದೋನಾ ಪಾವ್ಲಾದ ಸೆಂಟರಿಗೆ ಮುಖ್ಯಮಂತ್ರಿಗಳು ಒಂದು ಇಸವಿ ಕೊಟ್ಟರು: 2025ರ ಚಿತ್ರೋತ್ಸವ ಹೊಸ ಜಾಗದಲ್ಲಿ. 2025 ಬಂತು. ಜಾಗ ನಿಜಕ್ಕೂ ಹೊಸದೇ. ಉದ್ಘಾಟನೆ ನಡೆದದ್ದು ಪಣಜಿಯ ಬೀದಿಯಲ್ಲಿ, ಮೆರವಣಿಗೆಯಾಗಿ! ಬೀದಿಗೆ ಟೆಂಡರ್ ಬೇಡ, ಚಾವಣಿಯೂ ಇಲ್ಲ, ಕುಸಿಯುವ ಭಯವೂ ಇಲ್ಲ.

ಇದೆಲ್ಲ ವಾಸ್ಕೋ ಕಡೆಯ ಚಹಾದಂಗಡಿಯಲ್ಲಿ ಚರ್ಚೆಗೆ ಬಂತು. ಅಲ್ಲಿ ಬೆಳಗಿನ ಹೊತ್ತು ಬಾಗಲಕೋಟೆ, ವಿಜಯಪುರ ಕಡೆಯ ಗೌಂಡಿಗಳು ಕೂಲಿಗೆ ಕಾಯುತ್ತಿರುತ್ತಾರೆ. ಒಬ್ಬರು ಕೇಳಿದರು:

"ಸಾಹೇಬ್ರ, ಆ ಸೆಂಟರಿನ ಪಾಯಾ ಯಾವಾಗ ತೋಡ್ತಾರ್ರಿ? ನಮಗ ಎರಡು ವರ್ಷ ಕೆಲಸ ಸಿಗ್ತಿತ್ತು."

"ಇಸವಿ ಮತ್ತೆ ಹೇಳ್ತಾರೆ, ಕಾಯಿರಿ," ಎಂದೆ.

"ಅದಿರಲಿ ಬಿಡ್ರಿ. ಇಲ್ಲಿ ನಮ್ಮ ಕನ್ನಡ ಭವನ ಮೊದಲ ಆಗ್ತೈತೋ, ಈ ಸೆಂಟರ್ ಮೊದಲ ಆಗ್ತೈತೋ? ನೂರು ರೂಪಾಯಿ ಬೆಟ್ ಕಟ್ತೀರೇನ್ರಿ?"

ಕಟ್ಟಲಿಲ್ಲ. ಭವನದ ಭರವಸೆ ಕೊಟ್ಟಿರುವುದು ನಮ್ಮ ಬೆಂಗಳೂರು. ಪೈಪೋಟಿ ಬಹಳ ಜೋರಿದೆ.