ಪದಪಟ್ಟಿ ಆಮೇಲೆ ಇರಲಿ
ಪರಿಸರದ ಚಿತ್ರಪುಸ್ತಕಗಳಿಂದ ಮಕ್ಕಳಿಗೆ ಓದು ಬರಹ ಕಲಿಸುವ ಬಗ್ಗೆ ಒಂದು ಲೇಖನ ಓದಿದೆ. ಪುಸ್ತಕ ಓದಿಸುವ ಮೊದಲು ಕಷ್ಟದ ಪದಗಳನ್ನು ಬೋರ್ಡ್ ಮೇಲೆ ಬರೆದು ಅರ್ಥ ಹೇಳಿಕೊಡಿ ಅಂತ ಅದರಲ್ಲಿದೆ. ಇದೊಂದನ್ನು ನಾನು ಒಪ್ಪುವುದಿಲ್ಲ. ಅರ್ಥ ಮೊದಲೇ ಸಿಕ್ಕಿಬಿಟ್ಟರೆ ಮಕ್ಕಳು ಚಿತ್ರ ನೋಡುವುದೇ ಇಲ್ಲ. ಸುಮ್ನೆ ಪಟ್ಟಿ ಕಾಪಿ ಮಾಡಿ ಮುಗಿಸುತ್ತಾರೆ.

ನಾನು ಜಗಳೂರು ಕಡೆ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಅಕ್ಷರಗಳ ಮೇಲೆ ಹಾಳೆ ಮುಚ್ಚಿ ಮೊದಲು ಚಿತ್ರ ಮಾತ್ರ ತೋರಿಸುತ್ತೇನೆ. ಕೆರೆಯ ಚಿತ್ರ ಬಂದರೆ ಸಾಕು, ಏರಿ, ತೂಬು, ಹೂಳು, ಜೊಂಡು, ಕೋಡಿ ಎಲ್ಲ ಅವರ ಬಾಯಿಂದಲೇ ಬರುತ್ತವೆ. (2022ರಲ್ಲಿ ವಾಣಿ ವಿಲಾಸ ಸಾಗರ ಜಲಾಶಯ 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ಆ ಮಾತು ಇನ್ನೂ ಮನೆಗಳಲ್ಲಿ ಓಡಾಡುತ್ತಿದೆ.) ಅವನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ. ಪುಸ್ತಕದ ಹೊಸ ಪದಗಳು, ಜೌಗು, ವಲಸೆ ಇಂಥವು, ಆಮೇಲೆ ಪಕ್ಕದಲ್ಲಿ ಸೇರಿಕೊಳ್ಳುತ್ತವೆ.

ಬರವಣಿಗೆಗೆ ‘ಪರಿಸರ ಸಂರಕ್ಷಣೆ’ ಪ್ರಬಂಧ ದಯವಿಟ್ಟು ಬೇಡ. ಎಲ್ಲರೂ ‘ಗಿಡ ನೆಡಬೇಕು’ ಅಂತಲೇ ಬರೆಯುತ್ತಾರೆ, ಅಲ್ವಾ? ಒಂದು ಚಿತ್ರ ಕೊಟ್ಟು, ಇದಕ್ಕಿಂತ ಮೊದಲು ಏನಾಗಿತ್ತು ಅಂತ ಎರಡು ಸಾಲು ಕೇಳಿ. ನಮ್ಮ ಕಡೆಯ ರಂಗಯ್ಯನದುರ್ಗ ಕಾಡಿನ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಬೇಸಿಗೆಯಲ್ಲಿ ನೀರಿಗೆ ಎಲ್ಲಿಗೆ ಹೋಗುತ್ತದೆ ಅಂದರೆ ನಮ್ಮ ಮಕ್ಕಳು ಹಾಳೆ ತಿರುಗಿಸಿ ಬರೆಯುತ್ತಾರೆ. ಕಾಗುಣಿತದ ತಪ್ಪನ್ನು ಆ ದಿನ ಮುಟ್ಟುವುದಿಲ್ಲ. ಮರುದಿನ ಜೋಡಿಯಾಗಿ ಕೂತು ಒಬ್ಬರದನ್ನು ಇನ್ನೊಬ್ಬರು ನೋಡುತ್ತಾರೆ.

ಪುಸ್ತಕಕ್ಕೆ ದುಡ್ಡಿಲ್ಲ ಅನ್ನುವವರಿಗೆ: ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಪ್ರಿಂಟ್ ಹಾಕಿಸಿದರೆ ಕಲರ್‌ನಲ್ಲೇ ಹಾಕಿಸಿ. ಕಪ್ಪುಬಿಳುಪಿನಲ್ಲಿ ಹಸಿ ಎಲೆ ಯಾವುದು, ಒಣಗಿದ್ದು ಯಾವುದು ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ.